ಮುಚ್ಚಿದ ಸವಾರಿಗಾಗಿ ಮರುಗುವುದು ತಪ್ಪಲ್ಲ

ಚಿಕ್ಕಂದಿನಿಂದ ಆಸೆಪಟ್ಟು ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆಂದು ದುಡ್ಡು ಕೂಡಿಟ್ಟಿರಿ. ನೀವು ಹೋಗುವ ಮೊದಲೇ, 2023ರ ಜನವರಿಯಲ್ಲಿ, ನಿಮ್ಮ ಮೆಚ್ಚಿನ ಸ್ಪ್ಲ್ಯಾಶ್ ಮೌಂಟನ್ ಸವಾರಿ ಮುಚ್ಚಿತು. ಮಕ್ಕಳಾಟಕ್ಕೆ ಇಷ್ಟು ಸಂಕಟವೇ ಎಂದು ಮನೆಯವರು ಕೇಳುತ್ತಾರಂತೆ. ಸಂಕಟ ನಿಜವಾದದ್ದೇ, ನಾಚಿಕೆ ಬೇಡ.

ಡಿಸ್ನಿ ಕಂಪನಿಯ ಲೆಕ್ಕಾಚಾರದಲ್ಲಿ ದೂರದವರಿಗೆ ಜಾಗ ಕಡಿಮೆ. ರಿಯಾಯಿತಿ ಟಿಕೆಟ್, ವಾರ್ಷಿಕ ಪಾಸ್ ಹೆಚ್ಚಾಗಿ ಒದಗುವುದು ಹತ್ತಿರದವರಿಗೆ. ಸವಾರಿ ದುರಸ್ತಿಯಲ್ಲಿದ್ದರೆ ಅವರು ಮುಂದಿನ ತಿಂಗಳು ಬರುತ್ತಾರೆ. ಬೆಂಗಳೂರಿನಿಂದ ಹೋದವರಿಗೆ ಆ ಮುಂದಿನ ತಿಂಗಳೇ ಇಲ್ಲ. ಸಾಲು ತಪ್ಪಿಸುವ ಫಾಸ್ಟ್‌ಪಾಸ್ ಅಲ್ಲಿ ಮೊದಲು ಉಚಿತವಿತ್ತು. 2021ರಲ್ಲಿ ಅದರ ಜಾಗಕ್ಕೆ ಹಣ ಕೊಡುವ ವ್ಯವಸ್ಥೆ ಬಂತು. ಕೈಯಲ್ಲಿ ನಾಲ್ಕೇ ದಿನ ಇಟ್ಟುಕೊಂಡು ಹೋದವರಿಗೆ ಕೊಳ್ಳದೆ ವಿಧಿಯಿಲ್ಲ. ಇದು ಅನ್ಯಾಯವೆಂದೇ ನನ್ನ ಅನಿಸಿಕೆ.

ಆದರೆ ಫ್ಲಾರಿಡಾವೇ ಏಕಾಗಬೇಕು? ಟೋಕಿಯೊ ನೋಡಿ. 1983ರಲ್ಲಿ ತೆರೆದ ಅಲ್ಲಿನ ಪಾರ್ಕನ್ನು ನಡೆಸುವುದು ಡಿಸ್ನಿಯಲ್ಲ, ಅದರಿಂದ ಪರವಾನಗಿ ಪಡೆದ ಓರಿಯಂಟಲ್ ಲ್ಯಾಂಡ್ ಎಂಬ ಜಪಾನಿ ಕಂಪನಿ. ಅಮೆರಿಕದಲ್ಲಿ ತೆಗೆದುಹಾಕಿದ ಸ್ಪ್ಲ್ಯಾಶ್ ಮೌಂಟನ್ ಅಲ್ಲಿ ಉಳಿದುಕೊಂಡಿದೆ! ಪಕ್ಕದಲ್ಲೇ ಡಿಸ್ನಿಸೀ ಎಂಬ ಇನ್ನೊಂದು ಪಾರ್ಕ್ ಇದೆ. 2024ರಲ್ಲಿ ಅದಕ್ಕೆ ಫ್ಯಾಂಟಸಿ ಸ್ಪ್ರಿಂಗ್ಸ್ ಎಂಬ ಹೊಸ ಭಾಗ ಸೇರಿತು. ಬೆಂಗಳೂರಿನಿಂದ ಟೋಕಿಯೊದ ನರೀಟಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನವೂ ಉಂಟು. ದುರಸ್ತಿಗೆ ಮುಚ್ಚುವ ಸವಾರಿಗಳ ಪಟ್ಟಿಯನ್ನು ಅಲ್ಲಿ ಮುಂಚೆಯೇ ಪ್ರಕಟಿಸುತ್ತಾರೆ, ವಿಮಾನದ ಟಿಕೆಟ್‌ಗೂ ಮೊದಲು ಅದನ್ನು ಓದಿ. ಅಲ್ಲಿನ ಸ್ಪೇಸ್ ಮೌಂಟನ್ ಸವಾರಿ 2024ರಲ್ಲಿ ಮುಚ್ಚಿತು, ಹೊಸದು 2027ಕ್ಕೆ ಎಂದಿದ್ದಾರೆ. ಅದೂ ಬೇಕೆಂದರೆ ತೆರೆಯುವವರೆಗೆ ತಡೆಯಿರಿ.

ಅಬುಧಾಬಿಗೂ ಡಿಸ್ನಿ ಪಾರ್ಕ್ ಬರುವುದಾಗಿ 2025ರಲ್ಲಿ ಘೋಷಣೆಯಾಗಿದೆ. ಅದಕ್ಕಾಗಿ ಮಾತ್ರ ಕಾಯಬೇಡಿ. ಮನೆಯವರನ್ನು ಒಪ್ಪಿಸುವ ವಾದವನ್ನೂ ಬಿಡಿ. ಅವರು ಬರದಿದ್ದರೆ ಒಬ್ಬರೇ ಹೊರಡಿ.