ಈ ಗ್ರೇಡು ಯಾವ ಲೆಕ್ಕಕ್ಕೆ?

ಅಮೆರಿಕದಲ್ಲಿ ಡಾಕ್ಟರಾಗಲು ಹೊರಟವರು ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಡಿಗ್ರಿ ಮುಗಿಸುತ್ತಾರೆ. ನಮ್ಮ ನೀಟ್‌ನಂತೆ ಒಂದೇ ಪರೀಕ್ಷೆಯ ರ‍್ಯಾಂಕಿನ ಮೇಲೆ ಸೀಟು ನಿರ್ಧಾರವಾಗುವುದಿಲ್ಲ. ಎಂಕ್ಯಾಟ್ ಪರೀಕ್ಷೆಯ ಜೊತೆಗೆ ಡಿಗ್ರಿಯಲ್ಲಿ ಓದಿದ ಪ್ರತಿ ಕೋರ್ಸಿನ ಗ್ರೇಡೂ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ನೆಲೆಸಿರುವ ನಮ್ಮ ಕನ್ನಡದ ಮನೆಗಳಲ್ಲಿ ಇಲ್ಲಿನ ಸಿಇಟಿ, ನೀಟ್ ಲೆಕ್ಕಾಚಾರವೇ ಮನಸ್ಸಿನಲ್ಲಿರುವುದರಿಂದ ಈ ವಿಷಯವನ್ನು ನಿಧಾನವಾಗಿ ನೋಡೋಣ.

ಎಂ.ಡಿ. ಪದವಿ ಕೊಡುವ ಹೆಚ್ಚಿನ ಕಾಲೇಜುಗಳಿಗೆ ಅರ್ಜಿ ಹೋಗುವುದು ಎಎಂಕ್ಯಾಸ್ ಎಂಬ ಸೇವೆಯ ಮೂಲಕ. ಓದಿದ ಕೋರ್ಸುಗಳನ್ನೆಲ್ಲ ಒಂದೊಂದಾಗಿ ಅದರಲ್ಲಿ ತುಂಬಿ, ಪ್ರತಿಯೊಂದೂ ಯಾವ ವಿಷಯಕ್ಕೆ ಸೇರಿದ್ದೆಂದು ವಿದ್ಯಾರ್ಥಿಯೇ ಗುರುತಿಸಬೇಕು. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ ಎಂದು ಗುರುತಿಸಿದವುಗಳಿಂದ ‘ಬಿಸಿಪಿಎಂ’ ಎಂಬ ವಿಜ್ಞಾನದ ಜಿಪಿಎ, ಅಂದರೆ ಕ್ರೆಡಿಟ್ ಲೆಕ್ಕದ ಗ್ರೇಡು ಸರಾಸರಿ, ಸಿದ್ಧವಾಗುತ್ತದೆ. ಉಳಿದವಕ್ಕೆ ಬೇರೆ ಜಿಪಿಎ. ಎಲ್ಲವೂ ಸೇರಿ ಮೂರನೆಯದು.

ಒಂದು ಲೆಕ್ಕ ಮಾಡಿ ನೋಡೋಣ, ಪೆನ್ನು ಹಿಡಿದುಕೊಳ್ಳಿ. ಒಬ್ಬ ವಿದ್ಯಾರ್ಥಿನಿಗೆ 4 ಕ್ರೆಡಿಟ್ ಜೀವಶಾಸ್ತ್ರದಲ್ಲಿ ಎ, 4 ಕ್ರೆಡಿಟ್ ರಸಾಯನಶಾಸ್ತ್ರದಲ್ಲಿ ಬಿ, ತಲಾ 3 ಕ್ರೆಡಿಟ್‌ನ ಇತಿಹಾಸ ಮತ್ತು ಮನಶ್ಶಾಸ್ತ್ರದಲ್ಲಿ ಎ ಬಂದಿದೆ ಎನ್ನಿ. ಎ ಅಂದರೆ 4, ಬಿ ಅಂದರೆ 3. ಒಟ್ಟು ಜಿಪಿಎ 3.71, ವಿಜ್ಞಾನದ್ದು 3.50. ಇವಳೇ ಮನಶ್ಶಾಸ್ತ್ರ ವಿಭಾಗದಲ್ಲಿ 4 ಕ್ರೆಡಿಟ್‌ನ ಸಂಖ್ಯಾಶಾಸ್ತ್ರ ಓದಿ ಅದರಲ್ಲೂ ಎ ಪಡೆದಳು. ಒಟ್ಟು 3.78ಕ್ಕೆ ಏರಿತು. ವಿಭಾಗದ ಹೆಸರು ನೋಡಿ ಅದನ್ನು ಮನಶ್ಶಾಸ್ತ್ರವೆಂದು ಬರೆದರೆ ವಿಜ್ಞಾನದ ಜಿಪಿಎ 3.50ರಲ್ಲೇ ಉಳಿಯುತ್ತದೆ. ಗಣಿತವೆಂದು ಬರೆದರೆ 3.67 ಆಗುತ್ತದೆ.

ಹಾಗಾದರೆ ಯಾವುದು ಸರಿ? ಗಣಿತವೇ ಸರಿ. ಕೋರ್ಸಿನಲ್ಲಿ ಮುಖ್ಯವಾಗಿ ಕಲಿಸಿದ್ದೇನು ಎಂಬುದರ ಮೇಲೆ ವರ್ಗ ನಿರ್ಧಾರವಾಗಬೇಕು, ಯಾವ ವಿಭಾಗ ಕಲಿಸಿತು ಎಂಬುದು ಮುಖ್ಯವಲ್ಲ. ಎಎಂಕ್ಯಾಸ್ ಪಟ್ಟಿಯಲ್ಲಿ ಸಂಖ್ಯಾಶಾಸ್ತ್ರಕ್ಕೆ ಗಣಿತದಲ್ಲೇ ಜಾಗ. ನರವಿಜ್ಞಾನ ಜೀವಶಾಸ್ತ್ರಕ್ಕೂ ಖಗೋಳಶಾಸ್ತ್ರ ಭೌತಶಾಸ್ತ್ರಕ್ಕೂ ಸೇರುತ್ತವೆ. ಜೀವರಸಾಯನಶಾಸ್ತ್ರದ ಬಗ್ಗೆ ತಲೆಬಿಸಿ ಬೇಡ, ಜೀವಶಾಸ್ತ್ರಕ್ಕೆ ಹಾಕಿದರೂ ರಸಾಯನಶಾಸ್ತ್ರಕ್ಕೆ ಹಾಕಿದರೂ ಅದು ಬಿಸಿಪಿಎಂ ಒಳಗೇ ಇರುತ್ತದೆ.

ನಮ್ಮವರು ಹೆಚ್ಚು ಎಡವುವುದು ಎಂಜಿನಿಯರಿಂಗ್ ಮತ್ತು ಕಂಪ್ಯೂಟರ್ ಸೈನ್ಸ್ ವಿಷಯದಲ್ಲಿ ಎಂದು ನನಗನ್ನಿಸುತ್ತದೆ. ಇವು ವಿಜ್ಞಾನವಲ್ಲದೆ ಮತ್ತೇನು ಎಂದು ನಮಗೆ ತೋರುವುದು ಸಹಜ. ಅಲ್ಲಿ ಅವೆರಡಕ್ಕೂ ಪ್ರತ್ಯೇಕ ವರ್ಗಗಳಿವೆ, ಎರಡೂ ಬಿಸಿಪಿಎಂ ಹೊರಗೆ. ಕಷ್ಟಪಟ್ಟು ಪಡೆದ ಆ ಎ ಗ್ರೇಡುಗಳು ಒಟ್ಟು ಜಿಪಿಎಗೂ ಉಳಿದವುಗಳ ಜಿಪಿಎಗೂ ನೆರವಾಗುತ್ತವೆ, ವಿಜ್ಞಾನದ್ದಕ್ಕಲ್ಲ.

ಇನ್ನೊಂದು ಮಾತು. ಕಡಿಮೆ ಗ್ರೇಡು ಬಂದ ಕೋರ್ಸನ್ನು ಮತ್ತೆ ಓದಿದರೆ ಹಳೆಯದು ಅಳಿಸಿಹೋಗುವುದಿಲ್ಲ, ಎರಡೂ ಎಣಿಕೆಗೆ ಬರುತ್ತವೆ.

ಚೆನ್ನಾಗಿ ಮಾಡಿದ ಕೋರ್ಸುಗಳನ್ನೆಲ್ಲ ವಿಜ್ಞಾನಕ್ಕೆ ತುರುಕುವ ಆಸೆ ಬೇಡ. ಎಎಂಕ್ಯಾಸ್‌ನವರು ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಪಕ್ಕದಲ್ಲಿಟ್ಟು ಅರ್ಜಿಯನ್ನು ಪರಿಶೀಲಿಸುತ್ತಾರೆ, ವರ್ಗವನ್ನು ಬದಲಾಯಿಸಲೂಬಹುದು. ಅವರ ತಿದ್ದುಪಡಿ ತಪ್ಪೆನಿಸಿದರೆ ಮರುಪರಿಶೀಲನೆ ಕೇಳುವ ದಾರಿಯಿದೆ. ಆಗ ಕೋರ್ಸಿನಲ್ಲಿ ಏನು ಕಲಿಸಿದರೆಂದು ತೋರಿಸಬೇಕಾಗುತ್ತದೆ. ಮೊದಲ ಸೆಮಿಸ್ಟರಿನಿಂದಲೇ ಪ್ರತಿ ಕೋರ್ಸಿನ ಸಿಲಬಸ್ ಒಂದು ಫೈಲಿನಲ್ಲಿ ಸೇರಿಸಿಡಿ.