ಲಾಕ್ ಆರ್ಡ್ ಕಣಿವೆಯ ಕಥೆ



ಊರಿನಿಂದ ಅಪ್ಪ ಅಮ್ಮ ಮೆಲ್ಬರ್ನ್‌ಗೆ ಬಂದರೆ ನಾವೆಲ್ಲ ತಪ್ಪದೆ ಮಾಡುವ ಕೆಲಸ, ಪುಳಿಯೋಗರೆ ಕಟ್ಟಿಕೊಂಡು ಗ್ರೇಟ್ ಓಷನ್ ರೋಡಿಗೆ ಹೊರಡುವುದು. ಟ್ವೆಲ್ವ್ ಅಪಾಸಲ್ಸ್ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್. ಅಲ್ಲಿಂದ ಕೆಲವೇ ನಿಮಿಷ ಮುಂದಿರುವ ಲಾಕ್ ಆರ್ಡ್ ಗಾರ್ಜ್‌ನಲ್ಲಿ ಇಳಿಯುವವರು ಕಡಿಮೆ. ಮುಂದಿನ ಸಲ ಹೋಗುವ ಮೊದಲು ಮಕ್ಕಳಿಗೆ ಇದನ್ನು ಓದಿ ಹೇಳಿ.

ಈ ತೀರಕ್ಕೆ 'ಶಿಪ್‌ರೆಕ್ ಕೋಸ್ಟ್', ಅಂದರೆ ಹಡಗು ಒಡೆಯುವ ತೀರ ಎಂದೇ ಹೆಸರು. ಹಾಯಿಹಡಗುಗಳ ಕಾಲದಲ್ಲಿ ಇಂಗ್ಲೆಂಡಿನಿಂದ ಹೊರಟವರು ದಕ್ಷಿಣದ ಬಿರುಗಾಳಿಯನ್ನು ಬೆನ್ನಿಗೆ ಹಾಕಿಕೊಂಡು, ವಾರಗಟ್ಟಲೆ ನೆಲವನ್ನೇ ಕಾಣದೆ ಪೂರ್ವಕ್ಕೆ ಬರುತ್ತಿದ್ದರು. ಕೊನೆಗೆ ಕೇಪ್ ಆಟ್‌ವೇ ಮತ್ತು ಕಿಂಗ್ ಐಲ್ಯಾಂಡ್ ನಡುವಿನ ಸುಮಾರು 90 ಕಿ.ಮೀ. ಸಂದಿಯಲ್ಲಿ ನುಗ್ಗಬೇಕು. ಸೂಜಿಗೆ ದಾರ ಪೋಣಿಸಿದ ಹಾಗೆ ಎನ್ನುತ್ತಿದ್ದರು ನಾವಿಕರು. 1845ರಲ್ಲಿ 'ಕಟರಾಕ್ವಿ' ಎಂಬ ಹಡಗು ಕಿಂಗ್ ಐಲ್ಯಾಂಡಿಗೆ ಬಡಿದು ಸುಮಾರು 400 ಜನ ಸತ್ತರು, ಉಳಿದವರು 9 ಮಂದಿ. 1848ರಲ್ಲಿ ಕೇಪ್ ಆಟ್‌ವೇ ದೀಪಸ್ತಂಭ ಬೆಳಗಿತು.

ಇಲ್ಲಿ ಸ್ವಲ್ಪ ಲೆಕ್ಕ. ಅಕ್ಷಾಂಶವನ್ನು ಸೂರ್ಯನ ಎತ್ತರ ನೋಡಿ ತಿಳಿಯಬಹುದು. ರೇಖಾಂಶಕ್ಕೆ ಗಡಿಯಾರ ಬೇಕು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಡಿಗ್ರಿಗೆ 4 ನಿಮಿಷ. ಹಡಗಿನ ಗಡಿಯಾರ ಒಂದೇ ಒಂದು ನಿಮಿಷ ತಪ್ಪಿದರೆ ಈ ಭಾಗದಲ್ಲಿ ಸುಮಾರು 22 ಕಿ.ಮೀ. ವ್ಯತ್ಯಾಸ! ಮೇಲೆ ಮಂಜು ಕವಿದಿದ್ದರೆ ಸೂರ್ಯನೂ ಇಲ್ಲ, ದೀಪಸ್ತಂಭವೂ ಇಲ್ಲ.

'ಲಾಕ್ ಆರ್ಡ್'ಗೆ ಆದದ್ದು ಹೀಗೆಯೇ. ಮೂರು ತಿಂಗಳ ಪ್ರಯಾಣ ಮುಗಿಯುತ್ತಾ ಬಂದಿತ್ತು. ಹಿಂದಿನ ರಾತ್ರಿ ಪ್ರಯಾಣಿಕರು ಸಂತೋಷಕೂಟ ಮಾಡಿದ್ದರು. ಕ್ಯಾಪ್ಟನ್ ಗಿಬ್ ತೀರ ಇನ್ನೂ ದೂರವಿದೆ ಎಂದುಕೊಂಡಿದ್ದರು. 1878ರ ಜೂನ್ 1ರ ನಸುಕಿನಲ್ಲಿ ಮಂಜು ಸರಿದಾಗ ಎದುರಿಗೇ ಸುಣ್ಣಕಲ್ಲಿನ ಗೋಡೆ. ಲಂಗರು ಹಾಕಿದರು, ಅದು ನಿಲ್ಲಲಿಲ್ಲ. ಹಡಗು ಮಟನ್‌ಬರ್ಡ್ ದ್ವೀಪದ ಬಂಡೆಗೆ ಬಡಿದು ಸ್ವಲ್ಪ ಹೊತ್ತಿನಲ್ಲೇ ಮುಳುಗಿತು. 54 ಜನರಲ್ಲಿ ಉಳಿದವರು ಇಬ್ಬರು.

ಒಬ್ಬ ಟಾಮ್ ಪಿಯರ್ಸ್, ಹಡಗಿನಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. ಇನ್ನೊಬ್ಬಳು ಐರ್ಲೆಂಡಿನ ಈವಾ ಕಾರ್ಮೈಕಲ್. ಇಬ್ಬರೂ ನಮ್ಮ ಕಾಲೇಜು ಮಕ್ಕಳ ವಯಸ್ಸಿನವರು. ದಡ ಸೇರಿದ್ದ ಟಾಮ್ ಅವಳ ಕೂಗು ಕೇಳಿ ಮತ್ತೆ ನೀರಿಗೆ ಇಳಿದ. ಅವಳನ್ನು ಎಳೆದು ತಂದು ಗುಹೆಯಲ್ಲಿ ಮಲಗಿಸಿ, ತೇಲಿಬಂದ ಬ್ರಾಂದಿ ಕುಡಿಸಿ, ಆ ಬಂಡೆ ಹತ್ತಿ ಸಹಾಯ ಹುಡುಕಿಕೊಂಡು ಹೋದ. ಈವಾಳ ತಂದೆ, ತಾಯಿ, ಜೊತೆಗಿದ್ದ ಒಡಹುಟ್ಟಿದವರು ಎಲ್ಲರೂ ಹೋಗಿದ್ದರು. ಪತ್ರಿಕೆಗಳು, ಓದುಗರು ಇಬ್ಬರಿಗೂ ಮದುವೆಯಾಗಲಿ ಎಂದು ಆಸೆಪಟ್ಟರು (ಆಗಿನ ಕಾಲದಲ್ಲೂ ನಮ್ಮ ಸಿನಿಮಾ ಬುದ್ಧಿಯೇ!). ಹಾಗೇನೂ ಆಗಲಿಲ್ಲ. ಕೆಲವು ತಿಂಗಳಲ್ಲಿ ಅವಳು ಐರ್ಲೆಂಡಿಗೆ ಮರಳಿದಳು, ಅವನು ಮತ್ತೆ ಸಮುದ್ರಕ್ಕೆ ಹೋದ. ಮರುವರ್ಷವೇ ಇನ್ನೊಂದು ಹಡಗು ಒಡೆದು ಅದರಿಂದಲೂ ಬದುಕಿಬಂದ, ಮುಂದೆ ಕ್ಯಾಪ್ಟನ್ ಆದ.

2009ರಲ್ಲಿ ಇಲ್ಲಿನ ಕಲ್ಲಿನ ಕಮಾನೊಂದು ಕುಸಿದು ಎರಡು ಕಂಬಗಳಷ್ಟೇ ನಿಂತವು. ಅವುಗಳ ಹೆಸರು ಟಾಮ್ ಮತ್ತು ಈವಾ. ಬಂಡೆಯ ಮೇಲಿನ ಪುಟ್ಟ ಸ್ಮಶಾನವನ್ನೂ ನೋಡಿ. ಸಮಯವಿದ್ದರೆ ವಾರ್ನಾಂಬೂಲ್‌ನ ಫ್ಲ್ಯಾಗ್‌ಸ್ಟಾಫ್ ಹಿಲ್ ಸಂಗ್ರಹಾಲಯಕ್ಕೂ ಹೋಗಿ. ಈ ಹಡಗಿನಲ್ಲಿದ್ದ, ಮನುಷ್ಯನೆತ್ತರಕ್ಕೆ ಹತ್ತಿರದ ಪಿಂಗಾಣಿ ನವಿಲೊಂದು ಅಲ್ಲಿದೆ. ಕಬ್ಬಿಣದ ಹಡಗು ಚೂರಾದ ಜಾಗದಲ್ಲಿ ಅದು ಪೆಟ್ಟಿಗೆಯೊಳಗೆ ತೇಲಿಕೊಂಡು, ಹೆಚ್ಚೂಕಡಿಮೆ ಇಡಿಯಾಗಿಯೇ ದಡ ಸೇರಿತ್ತು.