ಮನೆಯ ವೈರಿಂಗ್ ಬದಲಿಸುವ ಮುನ್ನ

ಕೊಯ್ಲಿನ ಹಣ ಕೈಗೆ ಬಂದೊಡನೆ ಹಳೆಯ ಮನೆಗೆ ಗೀಸರ್, ಪಂಪು, ಗ್ರೈಂಡರುಗಳನ್ನು ಸೇರಿಸುವುದು ಸದಸ್ಯರಲ್ಲಿ ವಾಡಿಕೆ. ಸ್ವಿಚ್ ಬೋರ್ಡಿನ ಅಂದಚೆಂದಕ್ಕೆ ಖರ್ಚು ಮಾಡುವ ನಾವು ಅರ್ತಿಂಗ್ ಗುಂಡಿಯತ್ತ ಇಣುಕುವುದಿಲ್ಲ. ಈ ಅಸಡ್ಡೆಯ ಫಲವನ್ನು ನಮ್ಮ ಮನೆಯಲ್ಲೇ ಉಂಡದ್ದರಿಂದ ಇಷ್ಟು ಬರೆಯುತ್ತಿದ್ದೇವೆ.

ಬಚ್ಚಲುಮನೆಯ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ನಮ್ಮ ತಾಯಿಯವರು ಎರಡು ದಿನ ಹೇಳಿದರು. ವಯಸ್ಸಿನ ವಾತವೆಂದು ತಳ್ಳಿಹಾಕಿದೆವು. ಮೂರನೆಯ ದಿನ ನಮಗೇ ಹೊಡೆಯಿತು. ಬಿಚ್ಚಿಸಿ ನೋಡಿದರೆ ಗೀಸರಿನ ಕಾಯಿಲು ಕೆಟ್ಟು ಅದರ ಮೈಗೆ ಕರೆಂಟು ಇಳಿದಿತ್ತು. ಗೀಸರಿನ ಅರ್ತ್ ತಂತಿಯನ್ನು ಕಬ್ಬಿಣದ ನೀರಿನ ಪೈಪಿಗೆ ಕಟ್ಟಿದ್ದರು. ಹಿಂದಿನ ವರ್ಷ ನೆಲದೊಳಗಿನ ಪೈಪು ತೆಗೆಸಿ ಪಿ.ವಿ.ಸಿ. ಹಾಕಿಸಿದವರು ನಾವೇ. ಅಲ್ಲಿಗೆ ಭೂಮಿಯ ನಂಟು ಕಡಿದು, ಮನೆಯ ನಲ್ಲಿಗಳಿಗೆಲ್ಲ ಕರೆಂಟು ಹಬ್ಬಿತ್ತು.

ಫ್ಯೂಸ್ ಏಕೆ ಹೋಗಲಿಲ್ಲ? ಭೂಮಿಗೆ ದಾರಿಯೇ ಇಲ್ಲದಿದ್ದರೆ ಫ್ಯೂಸಿಗೆ ಸುದ್ದಿ ಮುಟ್ಟುವುದಿಲ್ಲ. ಗುಂಡಿಯಿದ್ದ ಮಾತ್ರಕ್ಕೂ ಸಾಲದು. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ರೋಧ 46 ಓಮ್ ಆಯಿತೆನ್ನಿ. 230 ವೋಲ್ಟಿಗೆ ಹರಿಯುವುದು ಹೆಚ್ಚೆಂದರೆ 5 ಆಂಪಿಯರ್. 16 ಆಂಪಿಯರಿನ ಎಂ.ಸಿ.ಬಿ. ಅದನ್ನು ಮಾಮೂಲಿ ಹೊರೆಯೆಂದೇ ಎಣಿಸಿ ಸುಮ್ಮನಿರುತ್ತದೆ. ಆದ್ದರಿಂದ 30 ಮಿಲಿಆಂಪಿಯರ್ ಸೋರಿಕೆಗೇ ಕಡಿಯುವ ಆರ್.ಸಿ.ಸಿ.ಬಿ. ಬೇಕೇ ಬೇಕು. ಅದಿದ್ದರೆ ಅರ್ತಿಂಗ್ ಬೇಡವೆನ್ನುವ ಮೇಸ್ತ್ರಿಗಳಿದ್ದಾರೆ, ಒಪ್ಪಬೇಡಿ. ಅರ್ತ್ ಇಲ್ಲದ ಮನೆಯಲ್ಲಿ ಅದು ಕಡಿಯುವುದು ಯಾರಾದರೂ ಮುಟ್ಟಿ, ಕರೆಂಟು ಅವರ ಮೈಯೊಳಗೆ ಹರಿದ ಮೇಲೆಯೇ.

ಐ.ಎಸ್. 3043ರ ಪ್ರಕಾರ ಅರ್ತ್ ಪೈಪಿನ ಉದ್ದ 2.5 ಮೀಟರಿಗೆ ಕಡಿಮೆಯಿರಬಾರದು. ಗುಂಡಿ ಕಟ್ಟಡದಿಂದ 1.5 ಮೀಟರಾದರೂ ದೂರವಿರಬೇಕು. ತೇವ ನಿಲ್ಲುವ ಜಾಗ ಒಳ್ಳೆಯದು, ನೀರು ಹರಿಯುವ ಜಾಗವಲ್ಲ. ಹರಿಯುವ ನೀರು ಗುಂಡಿಯ ಉಪ್ಪನ್ನು ತೊಳೆದೊಯ್ಯುತ್ತದೆ.

ಇನ್ನು ಬಾಂಡಿಂಗ್. ಬಚ್ಚಲಿನ ಲೋಹದ ಪೈಪುಗಳನ್ನೂ ಗೀಸರಿನ ಮೈಯನ್ನೂ 4 ಚದರ ಮಿ.ಮೀ. ತಾಮ್ರದ ತಂತಿಯಿಂದ ಬೆಸೆದು ಅರ್ತಿಗೆ ಸೇರಿಸಬೇಕು. ಒಂದು ಕೈ ಗೀಸರಿನ ಮೇಲೆ, ಇನ್ನೊಂದು ನಲ್ಲಿಯ ಮೇಲೆ ಇದ್ದಾಗ ಎರಡರ ನಡುವೆ ವೋಲ್ಟೇಜ್ ವ್ಯತ್ಯಾಸ ಉಳಿಯಬಾರದೆಂಬುದೇ ಇದರ ಗುಟ್ಟು. ಪೈಪನ್ನು ಅರ್ತಿಗೆ ಸೇರಿಸುವುದು ಬೇರೆ, ನಮ್ಮಲ್ಲಿ ಆದಂತೆ ಪೈಪನ್ನೇ ಅರ್ತೆಂದು ನಂಬುವುದು ಬೇರೆ.

ಅರ್ತ್ ಸಿಗದೆಂದು ಪ್ಲಗ್ಗಿನಲ್ಲೇ ನ್ಯೂಟ್ರಲ್ಲಿಗೆ ಕೊಕ್ಕೆ ಹಾಕುವ ಚಾಳಿಯಂತೂ ಕೊಲೆಗೆ ಸಮ. ಗಾಳಿಮಳೆಗೆ ಕಂಬದಲ್ಲಿ ನ್ಯೂಟ್ರಲ್ ಕಡಿದರೆ ಆ ಪ್ಲಗ್ಗಿಗೆ ಹಚ್ಚಿದ ಯಂತ್ರದ ಮೈಗೆಲ್ಲ ಕರೆಂಟು ಬರುತ್ತದೆ.

ಕೆಲಸ ಮುಗಿದ ಮೇಲೆ ಅರ್ತ್ ಟೆಸ್ಟರಿನಿಂದ ಅಳೆಸಿ, ಅಂಕಿಯನ್ನು ಮೀಟರ್ ಹಲಗೆಯ ಮೇಲೆ ಬರೆಸಿ. ಮಳೆಗಾಲದ ಅಂಕಿಗೆ ಬೆಲೆಯಿಲ್ಲ. ನಾವು ಏಪ್ರಿಲಿನಲ್ಲಿ ಅಳೆಸಿದೆವು. ತಾಯಿಯವರು ಪಕ್ಕದಲ್ಲೇ ನಿಂತು ನೋಡಿದರು.